ವಸಡಿನ ರಕ್ತ ಕೇಳಿ ಬನ್ನಿ: ಆಶಾ ಅಕ್ಕಂದಿರಿಗೆ ಒಂದು ಬಹಿರಂಗ ಪತ್ರ

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಎಲ್ಲ ಆಶಾ ಕಾರ್ಯಕರ್ತೆಯರಿಗೆ,



ಬಸುರಿಯ ರಕ್ತಹೀನತೆ, ಬಾಣಂತಿಯ ಜ್ವರ, ಕೂಸಿನ ಲಸಿಕೆ, ಹಿರಿಯರ ಬಿ.ಪಿ., ಶುಗರ್ ಎಂದು ದಿನವಿಡೀ ಓಣಿ ತಿರುಗುವ ನಿಮ್ಮ ಹೆಗಲಿಗೆ ಇನ್ನೊಂದು ಕೆಲಸ ಏರಿಸಲು ಯಾರಿಗಾದರೂ ಸಂಕೋಚವಾಗಬೇಕು. ನನಗೂ ಆಗಿದೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಹಗಲುರಾತ್ರಿ ಕೂತದ್ದು ಯಾವುದರ ಸಲುವಾಗಿ ಎಂಬುದು ಗೊತ್ತಿದೆ. ಗೌರವಧನದ ಆ ಬೇಡಿಕೆ ನ್ಯಾಯದ್ದೇ. ಆದರೂ ಬರೆಯುತ್ತಿದ್ದೇನೆ. ನಾನು ನಿಡಸೋಸಿ ಕಡೆಯ ಹಲ್ಲಿನ ಡಾಕ್ಟರು. ವಸಡಿನ ರೋಗಕ್ಕೆ ಮಾಡುವ ಆಳದ ಕ್ಲೀನಿಂಗ್ ಎಷ್ಟು ಕೆಲಸ ಮಾಡುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ನೋಡುತ್ತಾ ಬಂದಂತೆ ಒಂದು ವಿಷಯ ನನ್ನಲ್ಲಿ ಗಟ್ಟಿಯಾಗಿದೆ. ಆ ಚಿಕಿತ್ಸೆಯ ಅರ್ಧ ಮಾತ್ರ ದವಾಖಾನೆಯ ಕುರ್ಚಿಯಲ್ಲಿ ನಡೆಯುತ್ತದೆ. ಉಳಿದರ್ಧ ಮನೆಯ ಬಚ್ಚಲಿನಲ್ಲಿ ನಡೆಯಬೇಕು. ಆ ಮನೆಯ ಹೊಸ್ತಿಲವರೆಗೆ ಹೋಗುವವರು ನೀವು, ನಾವಲ್ಲ.

ಕೇಳುವುದು ದೊಡ್ಡದೇನಲ್ಲ. ಮೂವತ್ತು ದಾಟಿದವರ ಆರೋಗ್ಯದ ಫಾರ್ಮು ತುಂಬುವಾಗ ಬಾಯಿಹುಣ್ಣು, ಬಾಯೊಳಗಿನ ಬಿಳಿ-ಕೆಂಪು ಕಲೆ, ತಂಬಾಕಿನ ಚಟ ಇವನ್ನೆಲ್ಲ ನೀವು ವಿಚಾರಿಸುತ್ತೀರಿ. ಅದರ ಬೆನ್ನಿಗೇ ಬಾಯಿಮಾತಿನಲ್ಲಿ ಇನ್ನೊಂದು ಸೇರಿಸಿ: “ಹಲ್ಲ ತಿಕ್ಕೂವಾಗ ವಸಡಿಂದ ರಗತ ಬರತೈತೇನ್ರೀ?” ಹೌದೆಂದವರಿಗೆ ಏನು ಹೇಳಬೇಕು, ಯಾಕೆ ಹೇಳಬೇಕು ಎಂಬುದಕ್ಕೆ ಈ ಉದ್ದನೆಯ ಪತ್ರ.

ನಿಮಗೆ ಸಿಗುವ ಉತ್ತರಗಳನ್ನು ನಾನೀಗಲೇ ಊಹಿಸಬಲ್ಲೆ. “ಅದು ಮೊದ್ಲಿಂದನೂ ಬರತೈತ್ರಿ.” “ಉಷ್ಣಕ್ಕ ಬರೂದದು.” “ಬ್ರಷ್ ಬಿರುಸೈತಿ, ಅದಕ್ಕ.” ರಕ್ತ ಕಂಡ ಜಾಗದಲ್ಲಿ ತಿಕ್ಕುವುದನ್ನೇ ಬಿಟ್ಟುಬಿಡುವವರು ಬಹಳ. ಅದು ರೋಗಕ್ಕೆ ಹಾದಿ ಬಿಟ್ಟುಕೊಟ್ಟಂತೆ. ಆರೋಗ್ಯದ ವಸಡು ಬ್ರಷ್ ತಾಗಿದ ಮಾತ್ರಕ್ಕೆ ರಕ್ತ ಸುರಿಸುವುದಿಲ್ಲ. ಕೈಯ ಚರ್ಮವನ್ನು ಸೋಪು ಹಚ್ಚಿ ಉಜ್ಜಿದಾಗ ರಕ್ತ ಬಂದರೆ ಯಾರೂ ಸುಮ್ಮನಿರುವುದಿಲ್ಲ. ಬಾಯಲ್ಲಿ ಬಂದರೆ ವರ್ಷಗಟ್ಟಲೆ ಸುಮ್ಮನಿರುತ್ತಾರೆ, ನೋಯುವುದಿಲ್ಲವಲ್ಲ ಅದಕ್ಕೆ. ಹುಳುಕು ಹಲ್ಲು ರಾತ್ರಿ ನಿದ್ದೆಗೆಡಿಸಿ ಡಾಕ್ಟರ ಹತ್ತಿರ ಓಡಿಸುತ್ತದೆ. ಗೋಕಾಕದ ಕರದಂಟು ತಿಂದು ಮಕ್ಕಳು ಬಾಯಿ ಮುಕ್ಕಳಿಸದಿದ್ದರೆ ಗದರುವ ತಾಯಂದಿರಿಗೂ ಹುಳುಕಿನ ಹೆದರಿಕೆ ಇದೆ. ವಸಡಿನ ರೋಗ ಹಾಗಲ್ಲ. ಅದು ಎಲುಬನ್ನು ಕರಗಿಸುತ್ತಿರುವಾಗಲೂ ನೋವು ಕೊಡುವುದು ಅಪರೂಪ. ಹಲ್ಲು ಅಲುಗಾಡುವ ಹೊತ್ತಿಗೆ ಅರ್ಧ ಎಲುಬು ಹೋಗಿರುತ್ತದೆ.

ಆಗುವುದು ಹೀಗೆ. ಹಲ್ಲು ತಿಕ್ಕಿದ ಕೆಲವೇ ಗಂಟೆಗಳಲ್ಲಿ ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳ ತೆಳು ಪದರ ಕೂರುತ್ತದೆ. ಉಗುರಿನಿಂದ ಕೆರೆದರೆ ಬಿಳಿ ಲೋಳೆಯಾಗಿ ಬರುವುದು ಅದೇ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಾದ ವಸಡಿನ 12 ಮಂದಿಗೆ ಹಲ್ಲು ತಿಕ್ಕುವುದನ್ನೇ ನಿಲ್ಲಿಸಲು ಹೇಳಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಅಷ್ಟೂ ಮಂದಿಯ ವಸಡು ಕೆಂಪಾಗಿ ಊದಿತು. ಮತ್ತೆ ತಿಕ್ಕಲು ಶುರುಮಾಡಿದ ಒಂದು ವಾರದ ಆಸುಪಾಸಿನಲ್ಲಿ ಎಲ್ಲ ಮೊದಲಿನಂತಾಯಿತು. ಇಷ್ಟರವರೆಗೆ ರೋಗ ಪೂರ್ತಿ ವಾಸಿಯಾಗಬಲ್ಲದ್ದು. ಬ್ರಷ್ ಒಂದೇ ಸಾಕು, ಡಾಕ್ಟರೂ ಬೇಡ.

ಅಲ್ಲಿಗೆ ತಡೆಯದಿದ್ದರೆ, ಎಲ್ಲರಲ್ಲೂ ಅಲ್ಲದಿದ್ದರೂ ಬಹಳ ಜನರಲ್ಲಿ, ಅದು ಕೆಳಕ್ಕಿಳಿಯುತ್ತದೆ. ಜೊಲ್ಲಿನ ಸುಣ್ಣದಂಶ ಸೇರಿ ಲೋಳೆ ಗಟ್ಟಿ ಕಿಟ್ಟವಾಗುತ್ತದೆ, ಅದರ ಒರಟು ಮೈಯ ಮೇಲೆ ಹೊಸ ಲೋಳೆ ಕೂರುತ್ತದೆ. ವಸಡು ಹಲ್ಲನ್ನು ಬಿಟ್ಟು ಸರಿಯುತ್ತದೆ. ನಡುವೆ ಒಂದು ಸಂದು ಬೀಳುತ್ತದೆ. ನಾವು ಅದನ್ನು ಪಾಕೆಟ್ ಎನ್ನುತ್ತೇವೆ. ಚೆನ್ನಾಗಿರುವ ಬಾಯಲ್ಲಿ ಈ ಸಂದಿನ ಆಳ 1ರಿಂದ 3 ಮಿಲಿಮೀಟರ್. ಗೆರೆ ಹಾಕಿದ ಸಣ್ಣ ಕಡ್ಡಿ ಇಳಿಸಿ ಅಳೆದಾಗ 5, 6, 7 ಬರುವವರು ನಮ್ಮಲ್ಲಿ ವಿರಳವಲ್ಲ. ಬ್ರಷ್ಷಿನ ಎಳೆ ಅಷ್ಟು ಆಳಕ್ಕೆ ಹೋಗುವುದಿಲ್ಲ. ಇಲ್ಲಿಂದ ಮುಂದೆ ಮನೆಯ ಆರೈಕೆಯೊಂದರಿಂದ ರೋಗ ವಾಸಿಯಾಗುವುದಿಲ್ಲ, ಮತ್ತು ಆಳದ ಕ್ಲೀನಿಂಗ್ ಬೇಕಾಗುವುದು ಇಲ್ಲಿಯೇ.

ಆ ಸಂದಿನೊಳಗೆ ಯಾರು ವಾಸವಾಗಿದ್ದಾರೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಚಿಕಿತ್ಸೆಯ ಗುಟ್ಟು ಅದರಲ್ಲೇ ಇದೆ. ಬಾಯಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಾಗಳಿವೆ, ಬಹುಪಾಲು ನಿರುಪದ್ರವಿ. 1998ರಲ್ಲಿ ಅಮೆರಿಕದ ಬೋಸ್ಟನ್ನಿನ ಫೋರ್ಸೈತ್ ಸಂಸ್ಥೆಯಲ್ಲಿ ಸಿಗ್ಮಂಡ್ ಸೊಕ್ರಾನ್ಸ್ಕಿ, ಆನ್ ಹಾಫಜಿ ಮತ್ತು ಜೊತೆಗಾರರು 185 ಮಂದಿಯ ವಸಡಿನಡಿಯಿಂದ 13 ಸಾವಿರಕ್ಕೂ ಮಿಕ್ಕಿ ಮಾದರಿ ತೆಗೆದು, ಯಾವ ಬ್ಯಾಕ್ಟೀರಿಯಾ ಯಾವುದರ ಜೊತೆ ಇರುತ್ತದೆ ಎಂದು ನೋಡಿದರು. ಅವುಗಳಲ್ಲಿ ಮೂರು ಹೆಚ್ಚಾಗಿ ಒಟ್ಟಿಗೇ ಸಿಕ್ಕವು: ಪಾರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲಾ ಫೋರ್ಸಿತಿಯಾ, ಟ್ರೆಪೊನೆಮಾ ಡೆಂಟಿಕೋಲಾ. ಸಂದು ಆಳವಾದಷ್ಟೂ, ರಕ್ತ ಹೆಚ್ಚಾದಷ್ಟೂ ಇವು ಹೆಚ್ಚು. ಅವರು ಈ ಗುಂಪಿಗೆ ಕೆಂಪು ಬಣ್ಣದ ಗುರುತು ಕೊಟ್ಟರು. ಹೆಸರುಗಳನ್ನು ನೀವು ನೆನಪಿಡಬೇಕಿಲ್ಲ. ಅವುಗಳ ಸ್ವಭಾವ ನೆನಪಿಟ್ಟರೆ ಸಾಕು: ಅವಕ್ಕೆ ಗಾಳಿ ಆಗದು, ಆಳದ ಸಂದು ಬೇಕು. ಉರಿಯೂತದಿಂದ ಒಸರುವ ದ್ರವದ ಪ್ರೋಟೀನು ಅವುಗಳ ಊಟ. ಅದರಲ್ಲೂ ಮೊದಲನೆಯದಕ್ಕೆ ರಕ್ತದ ಕಬ್ಬಿಣದಂಶವಿಲ್ಲದೆ ಬಾಳುವೆಯಿಲ್ಲ. ಅಂದರೆ ವಸಡು ಊದಿ ರಕ್ತ ಒಸರುವುದು ರೋಗದ ಗುರುತು ಮಾತ್ರ ಅಲ್ಲ, ಆ ಬ್ಯಾಕ್ಟೀರಿಯಾಗಳ ಅಡಿಗೆಮನೆಯೂ ಹೌದು. ಅವು ವಸಡನ್ನು ಕೆಣಕುತ್ತವೆ, ವಸಡು ಊದಿ ಅವಕ್ಕೇ ಉಣ್ಣಿಸುತ್ತದೆ. ಅವುಗಳ ಮೇಲೆ ಸಿಟ್ಟಿಗೆದ್ದ ನಮ್ಮ ಮೈಯ ರಕ್ಷಣಾ ವ್ಯವಸ್ಥೆಯೇ ಪಕ್ಕದ ಎಲುಬನ್ನು ಕರಗಿಸುತ್ತದೆ.

ಗಾಳಿ ತಾಗಿದರೆ ಸಾಯುವ ಇಂಥ ಜೀವಿಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸುವುದು ಸಲೀಸಲ್ಲ. ನಮ್ಮ ಬೆಳಗಾವಿಯಲ್ಲೇ, ಮರಾಠಾ ಮಂಡಳದ ನಾಥಾಜಿರಾವ್ ಹಲಗೇಕರ ದಂತ ಕಾಲೇಜಿನ ಪ್ರಯೋಗಾಲಯ ಆ ಕೆಲಸ ಮಾಡುತ್ತ ಬಂದಿದೆ. ಬೇರೆ ಊರುಗಳ ದಂತ ಕಾಲೇಜಿನ ಸಂಶೋಧಕರೂ ರೋಗಿಗಳ ವಸಡಿನಿಂದ ತೆಗೆದ ಮಾದರಿಗಳನ್ನು ಅಲ್ಲಿಗೆ ಕಳಿಸಿ ಪರೀಕ್ಷೆ ಮಾಡಿಸುತ್ತಾರೆ. ಈ ವಿದ್ಯೆ ಎಲ್ಲೋ ಸಮುದ್ರದಾಚೆಯದು ಎಂದುಕೊಳ್ಳಬೇಡಿ ಎಂದು ಇದನ್ನು ಹೇಳಿದೆ.

ಇನ್ನು ಔಷಧದ ಮಾತು. “ಒಂದು ಗುಳಿಗಿ ಕೊಡ್ರಿ ಸಾಕು” ಎನ್ನುವವರೇ ಹೆಚ್ಚು. ಔಷಧದಂಗಡಿಯಲ್ಲಿ ಕೇಳಿ ನಾಲ್ಕು ದಿನ ಮೆಟ್ರೊನಿಡಜೋಲ್ ನುಂಗಿ, ಊತ ಇಳಿಯಿತೆಂದು ಸುಮ್ಮನಾದವರನ್ನು ನೀವೂ ಕಂಡಿರುತ್ತೀರಿ. ಊತ ಇಳಿಯುವುದು ನಿಜ, ರೋಗ ಹೋಗುವುದಿಲ್ಲ. ಆ ಲೋಳೆ ಬಿಡಿ ಬಿಡಿ ಬ್ಯಾಕ್ಟೀರಿಯಾಗಳ ರಾಶಿಯಲ್ಲ. ತಾವೇ ನೇಯ್ದ ಅಂಟಿನೊಳಗೆ ಒಂದಕ್ಕೊಂದು ಒತ್ತಿ ಕೂತ ವಸತಿ. ಔಷಧ ಹೊರಮೈಗೆ ತಾಗುತ್ತದೆ, ಒಳಗಿಳಿಯುವಷ್ಟರಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಇದನ್ನು ಮೊದಲು ಕಂಡವನು ಡಾಕ್ಟರನೂ ಅಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಸಂದಿಯ ಲೋಳೆಯನ್ನು ತಾನೇ ತಯಾರಿಸಿದ ಮಸೂರದಡಿ ಇಟ್ಟು, ಅದರಲ್ಲಿ ಜೀವಿಗಳು ಓಡಾಡುತ್ತಿವೆ ಎಂದು ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ವಿನೆಗರ್ ಹಾಕಿ ಹಲ್ಲು ತೊಳೆದರೆ ಹೊರಮೈಯ ಜೀವಿಗಳಷ್ಟೇ ಸಾಯುತ್ತವೆ, ಒಳಗಿನವು ಬದುಕಿರುತ್ತವೆ ಎಂದೂ ಕಂಡುಕೊಂಡ. ಇವತ್ತಿನ ಬಣ್ಣದ ಬಾಟಲಿಯ ಮೌತ್‌ವಾಶ್‌ಗೂ ಅದೇ ಮಿತಿ. ಕ್ಲೋರ್‌ಹೆಕ್ಸಿಡಿನ್ ಒಳ್ಳೆಯ ಔಷಧ, ಕೆಲವು ದಿನ ಬಳಸಲು ನಾನೂ ಬರೆದುಕೊಡುತ್ತೇನೆ. ಆದರೆ ಮುಕ್ಕಳಿಸಿದ ನೀರು 6 ಮಿಲಿಮೀಟರ್ ಆಳದ ಸಂದಿನ ತಳ ಮುಟ್ಟುವುದಿಲ್ಲ. ಲವಂಗದ ಎಣ್ಣೆ, ಉಪ್ಪು, ಇದ್ದಿಲು, ಯಾವುದೂ ಮುಟ್ಟುವುದಿಲ್ಲ.

ಆ ಪದರವನ್ನು ಕೈಯಾರೆ ಒಡೆದು ತೆಗೆಯಲೇಬೇಕು. ಆಳದ ಕ್ಲೀನಿಂಗ್ ಎಂದರೆ ಇಷ್ಟೇ. ಬೇಕಾದರೆ ವಸಡಿಗೆ ಮರವಿನ ಇಂಜೆಕ್ಷನ್ ಕೊಡುತ್ತೇವೆ. ಸೆಕೆಂಡಿಗೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಸಲ ನಡುಗುವ ತುದಿಯಿರುವ ಅಲ್ಟ್ರಾಸಾನಿಕ್ ಸ್ಕೇಲರ್‌ನಿಂದ ಕಿಟ್ಟವನ್ನು ಉದುರಿಸುತ್ತೇವೆ, ಅದರ ಜೊತೆಯಲ್ಲೇ ನೀರು ಚಿಮ್ಮುತ್ತಿರುತ್ತದೆ. ಆಮೇಲೆ ಒಂದೊಂದು ಹಲ್ಲಿನ ಬೇರಿನ ಬಾಗಿಗೆ ತಕ್ಕಂತೆ ಬಾಗಿಸಿದ ಸಣ್ಣ ಉಪಕರಣಗಳನ್ನು ವಸಡಿನಡಿ ಇಳಿಸಿ, ಬೇರಿನ ಮೈ ನುಣುಪಾಗುವವರೆಗೆ ಕೆರೆಯುತ್ತೇವೆ. ಬಾಯಿಯನ್ನು ಭಾಗ ಮಾಡಿಕೊಂಡು ಎರಡರಿಂದ ನಾಲ್ಕು ಸಲ ಕರೆಯುವುದು ವಾಡಿಕೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಮುಗಿಸಿ ಮನೆಗೆ ಹೋಗಿ ಮಧ್ಯಾಹ್ನದ ಊಟ ಮಾಡಬಹುದು, ಮರವು ಇಳಿಯುವ ತನಕ ಬಿಸಿಯದ್ದು ಬೇಡ ಅಷ್ಟೆ.

ಇದಾದ ಮೇಲೆ ಬ್ಯಾಕ್ಟೀರಿಯಾಗಳ ಪಾಡೇನು? ಆ ಮೂರರ ಸಂಖ್ಯೆ ದೊಡ್ಡ ಮಟ್ಟದಲ್ಲಿ ಕುಸಿಯುತ್ತದೆ. ಸುರುಳಿಯಾಕಾರದ ಓಡಾಡುವ ಬ್ಯಾಕ್ಟೀರಿಯಾಗಳ ಪಾಲು ಇಳಿದು, ನಿರುಪದ್ರವಿ ದುಂಡು ಬ್ಯಾಕ್ಟೀರಿಯಾಗಳ ಪಾಲು ಏರುತ್ತದೆ. ನನ್ನ ಮಟ್ಟಿಗೆ ಇದರಲ್ಲಿ ಮುಖ್ಯವಾದದ್ದು ಎಷ್ಟು ಸತ್ತವು ಎಂಬುದಲ್ಲ, ಅವು ಬದುಕುವ ಜಾಗವೇ ಬದಲಾಗುತ್ತದೆ ಎಂಬುದು. ಕಿಟ್ಟ ಹೋದ ಮೇಲೆ ವಸಡಿನ ಊತ ಇಳಿಯುತ್ತದೆ. ಊತ ಇಳಿದರೆ ಒಸರುವ ದ್ರವ ಕಡಿಮೆ, ರಕ್ತ ಕಡಿಮೆ. ಅವುಗಳ ಅನ್ನ ನಿಂತಿತು. ವಸಡು ಹಲ್ಲಿಗೆ ಬಿಗಿದು ಸಂದು ಕಿರಿದಾಗುತ್ತದೆ; ಗಾಳಿಯಿಲ್ಲದ ಆಳವೂ ಹೋಯಿತು. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ 4ರಿಂದ 6 ಮಿಲಿಮೀಟರಿನ ಸಂದು ಸರಾಸರಿ 1 ಮಿಲಿಮೀಟರಿಗಿಂತ ತುಸು ಹೆಚ್ಚು, 7 ದಾಟಿದ ಸಂದು ಸರಾಸರಿ 2 ಮಿಲಿಮೀಟರ್ ಕಡಿಮೆಯಾಗುತ್ತದೆ. ಕೇಳಲು ಅಲ್ಪ. ಆದರೆ 5 ಇದ್ದದ್ದು 4ಕ್ಕೋ 3ಕ್ಕೋ ಬಂದರೆ ಆ ಹಲ್ಲು ಮನೆಯ ಆರೈಕೆಗೆ ಮತ್ತೆ ನಿಲುಕಿತು ಎಂದರ್ಥ.

ಮಿತಿಗಳನ್ನೂ ಮುಚ್ಚಿಡದೆ ಹೇಳಬೇಕು. ಸಂದು 5 ಮಿಲಿಮೀಟರಿಗಿಂತ ಆಳವಾದಷ್ಟೂ ಎಂಥ ಪಳಗಿದ ಕೈಗೂ ಕಿಟ್ಟವನ್ನು ಪೂರ್ತಿ ತೆಗೆಯುವುದು ಕಷ್ಟವಾಗುತ್ತ ಹೋಗುತ್ತದೆ. ಎರಡು-ಮೂರು ಬೇರಿನ ದವಡೆ ಹಲ್ಲುಗಳ ಕವಲಿನಲ್ಲಂತೂ ಉಪಕರಣವೇ ಹೊಗಲಾರದು. ಅಂಥಲ್ಲಿ ವಸಡು ತೆರೆದು ಶಸ್ತ್ರಚಿಕಿತ್ಸೆ ಮಾಡಬೇಕಾಗಬಹುದು. ಕೆಲವು ಬ್ಯಾಕ್ಟೀರಿಯಾಗಳು ವಸಡಿನ ಜೀವಕೋಶಗಳೊಳಗೇ ಹೊಕ್ಕು ಕೂರುತ್ತವೆ, ನಾಲಿಗೆಯ ಮೇಲೂ ಗಂಟಲ ಗಂಟಿನಲ್ಲೂ ಉಳಿದುಕೊಳ್ಳುತ್ತವೆ. ಚಿಕ್ಕ ವಯಸ್ಸಿನಲ್ಲೇ ಬಿರುಸಾಗಿ ಎಲುಬು ತಿನ್ನುವ ಬಗೆಯ ರೋಗದಲ್ಲಿ ಕ್ಲೀನಿಂಗಿನ ಜೊತೆ ಆಂಟಿಬಯಾಟಿಕ್ ಕೊಡುವುದುಂಟು. ಅಲ್ಲೂ ಕ್ಲೀನಿಂಗ್ ಮೊದಲು, ಗುಳಿಗೆ ಅದರ ಹಿಂದೆ. ಒಮ್ಮೆ ಹೋದ ಎಲುಬು ಇದರಿಂದ ಮೊದಲಿನಂತೆ ತುಂಬಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳುವ ಚಿಕಿತ್ಸೆ ಇದು.

ನಾನು ಈ ಪತ್ರವನ್ನು ನಿಮಗೇ ಬರೆಯಲು ಕಾರಣವಾದ ಮಾತು ಈಗ ಬಂತು. ಕ್ಲೀನಿಂಗ್ ಮಾಡಿಸಿಕೊಂಡವರು ಮನೆಯಲ್ಲಿ ಸರಿಯಾಗಿ ತಿಕ್ಕದಿದ್ದರೆ ಆ ಬ್ಯಾಕ್ಟೀರಿಯಾಗಳು ನಾಲ್ಕರಿಂದ ಎಂಟು ವಾರಗಳಲ್ಲಿ ಆಳದ ಸಂದಿಗೆ ಮರಳಿ ಬಂದು ನೆಲೆಸುತ್ತವೆ. 1980ರ ದಶಕದ ಅಧ್ಯಯನಗಳಲ್ಲೇ ಇದು ಸಾಬೀತಾಗಿದೆ. ಮೇಲ್ಗಡೆ ಲೋಳೆ ಕೂರದಂತೆ ನೋಡಿಕೊಂಡವರಲ್ಲಿ ಮಾತ್ರ ಕೆಳಗಡೆ ಅವು ತಿಂಗಳುಗಟ್ಟಲೆ ತಲೆಯೆತ್ತಲಿಲ್ಲ. ಕಬ್ಬು ಬೆಳೆಯುವ ನೆಲದವರು ನಾವು, ಕರಿಕೆ ಬೇರಿನ ಸ್ವಭಾವ ಗೊತ್ತಿದ್ದವರು: ಅಗೆದು ತೆಗೆದ ಮೇಲೂ ತುಂಡು ಬೇರು ಉಳಿದೇ ಇರುತ್ತದೆ, ಮುಂದಿನ ಕಸ ತೆಗೆಯುವ ಸರದಿ ತಪ್ಪಿಸಿದರೆ ಹೊಲ ಮತ್ತೆ ಅದರದೇ. ವಸಡಿಗೂ ಸರದಿ ಬೇಕು. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಎಂದು ಹೇಳುತ್ತೇವೆ. ನಮ್ಮ ಜನ ಹಲ್ಲಿನ ದವಾಖಾನೆಗೆ ಬರುವುದು ವರ್ಷಗಳಿಗೊಮ್ಮೆ, ಅದೂ ನೋವಿದ್ದರೆ. ರೋಗ ವಾರಗಳ ಲೆಕ್ಕದಲ್ಲಿ ನಡೆಯುತ್ತದೆ, ನಾವು ವರ್ಷಗಳ ಲೆಕ್ಕದಲ್ಲಿ. ವಾರಗಳ ಲೆಕ್ಕದಲ್ಲಿ ಮನೆ ಮುಟ್ಟುವ ಆರೋಗ್ಯದ ಕೈ ನಮ್ಮ ಹಳ್ಳಿಗಳಲ್ಲಿ ಒಂದೇ ಇದೆ. ಅದು ನಿಮ್ಮದು.

ಸರದಿ ತಪ್ಪಿಸದವರಿಗೆ ಏನು ಸಿಕ್ಕಿತು ಎಂಬುದಕ್ಕೆ ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಊರಿನ ಸಾಕ್ಷಿ ಇದೆ. ಪೆರ್ ಆಕ್ಸೆಲ್ಸನ್ ಮತ್ತು ಯಾನ್ ಲಿಂಡೆ 1970ರ ದಶಕದ ಆರಂಭದಲ್ಲಿ ಶುರುಮಾಡಿದ ಆರೈಕೆಯಲ್ಲಿ 375 ಮಂದಿಯನ್ನು ತಿಂಗಳುಗಳ ಅಂತರದಲ್ಲಿ ಕರೆದು, ತಿಕ್ಕುವುದನ್ನು ಕಲಿಸಿ, ಕ್ಲೀನ್ ಮಾಡುತ್ತ ಹೋದರು. ಕೊನೆಯವರೆಗೂ ಉಳಿದವರು 30 ವರ್ಷಗಳಲ್ಲಿ ಕಳೆದುಕೊಂಡ ಹಲ್ಲು, ವಯಸ್ಸಿನ ಗುಂಪಿಗೆ ತಕ್ಕಂತೆ, ಸರಾಸರಿ ಅರ್ಧದಿಂದ ಎರಡರೊಳಗೆ. ಇನ್ನೊಂದು ತುದಿಯಲ್ಲಿ ಶ್ರೀಲಂಕಾ. ಅಲ್ಲಿನ ಚಹಾ ತೋಟಗಳ 480 ಕೂಲಿಗಳನ್ನು ಅದೇ ಹೆರಾಲ್ಡ್ ಲೋ ಅವರ ತಂಡ 1970ರಿಂದ ಹದಿನೈದು ವರ್ಷ ಗಮನಿಸಿತು. ಬ್ರಷ್ ಇಲ್ಲ, ದಂತವೈದ್ಯರಿಲ್ಲ. ಶೇ 8ರಷ್ಟು ಜನರಲ್ಲಿ ರೋಗ ಬಿರುಗಾಳಿಯಂತೆ ನಡೆಯಿತು, ಶೇ 81ರಷ್ಟು ಜನರಲ್ಲಿ ಮೆಲ್ಲಗೆ. ಶೇ 11ರಷ್ಟು ಜನರಲ್ಲಿ ವಸಡು ಊದಿತೇ ವಿನಾ ಎಲುಬಿಗಿಳಿಯಲಿಲ್ಲ. ಯಾರು ಯಾವ ಗುಂಪಿನವರು ಎಂಬುದು ಬಾಯಿ ತೆರೆದು ನೋಡದೆ ತಿಳಿಯುವುದಿಲ್ಲ. “ನಮ್ಮಪ್ಪ ಎಂಬತ್ತರ ತನಕ ಬ್ರಷ್ ಮುಟ್ಟಿಲ್ಲ, ಹಲ್ಲು ಗಟ್ಟಿ ಇದ್ದುವು” ಎನ್ನುವವರು ಆ ಹನ್ನೊಂದರವರ ಮಕ್ಕಳಿರಬಹುದು. ಹಾಗೆಂದು ಮಗನೂ ಅದೇ ಗುಂಪಿಗೆ ಸೇರಿದವನು ಎನ್ನಲಾಗದು.

ಕ್ಲೀನಿಂಗ್ ಎಂದ ಕೂಡಲೇ ನಿಮಗೆ ಎದುರಾಗುವ ಮಾತು ಇದು: “ಕ್ಲೀನ್ ಮಾಡ್ಸಿದ್ರ ಹಲ್ಲು ಸಡ್ಲ ಬೀಳ್ತಾವಂತ್ರೀ. ನಮ್ಮ ವೈನಿಗೆ ಹಂಗs ಆತು.” ಈ ಮಾತನ್ನು ನಕ್ಕು ತಳ್ಳಿಹಾಕಬೇಡಿ. ವೈನಿ ಕಂಡದ್ದು ಸುಳ್ಳಲ್ಲ. ವರ್ಷಗಳ ಕಿಟ್ಟ ಅಲುಗಾಡುವ ಹಲ್ಲುಗಳನ್ನು ಒಂದಕ್ಕೊಂದು ಬೆಸೆದು ಹಿಡಿದಿರುತ್ತದೆ. ಅದು ಹೋದಾಗ ಒಳಗೆ ಎಲುಬು ಎಷ್ಟು ಕಡಿಮೆಯಾಗಿತ್ತು ಎಂಬುದು ಬಯಲಾಗುತ್ತದೆ. ಊದಿದ ವಸಡು ಇಳಿದಾಗ ಹಲ್ಲು ಉದ್ದವಾದಂತೆ, ನಡುವೆ ಸಂದಿ ಬಿದ್ದಂತೆ ಕಾಣುತ್ತದೆ. ಬೇರಿನ ಮೈ ತೆರೆದುಕೊಂಡು ಕೆಲವು ವಾರ ತಣ್ಣೀರು ಜುಮ್ಮೆನ್ನುತ್ತದೆ. ಇದೆಲ್ಲ ಮೊದಲೇ ಹೇಳಿದರೆ ಜನ ತಾಳಿಕೊಳ್ಳುತ್ತಾರೆ. ಹೇಳದೆ ಬಿಟ್ಟರೆ ಡಾಕ್ಟರು ಹಲ್ಲು ಕೆಡಿಸಿದರು ಎಂದು ಓಣಿಯೆಲ್ಲ ಸುದ್ದಿಯಾಗುತ್ತದೆ. ಹೇಳದೆ ಬಿಡುವುದು ನಮ್ಮ ವೃತ್ತಿಯವರ ದೊಡ್ಡ ಲೋಪ ಎಂದೇ ನನ್ನ ಅಭಿಪ್ರಾಯ. ಉರಿಯೂತ ಇಳಿದ ಮೇಲೆ ಅಲುಗಾಟ ಎಷ್ಟೋ ಸಲ ಕಡಿಮೆಯೇ ಆಗುತ್ತದೆ ಎಂಬುದನ್ನೂ ಹೇಳಿ.

ಮಿಶ್ರಿಯ ವಿಷಯ ನಿಮ್ಮ ಹೊರತು ಇನ್ಯಾರೂ ಕೇಳಲಾರರು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿಮಾಡಿ, ಬೆರಳಿನಿಂದ ಹಲ್ಲಿಗೂ ವಸಡಿಗೂ ತಿಕ್ಕುವ ರೂಢಿ ಮಹಾರಾಷ್ಟ್ರದಲ್ಲೂ ನಿಪ್ಪಾಣಿಯಂಥ ತಂಬಾಕಿನ ಸೀಮೆಗೆ ಅಂಟಿದ ನಮ್ಮ ಊರುಗಳಲ್ಲೂ ಹೆಂಗಸರಲ್ಲಿ ಬೇರೂರಿದೆ. ಹಲ್ಲು ಸ್ವಚ್ಛವಾಗಲಿ ಎಂದು ಶುರುವಾಗಿ, ದಿನಕ್ಕೆ ನಾಲ್ಕೈದು ಸಲದ ಚಟವಾಗುತ್ತದೆ. ಗಂಡಸರು ಕೇಳಿದರೆ ಹೆಂಗಸರು ಒಪ್ಪಿಕೊಳ್ಳುವುದಿಲ್ಲ. ತಂಬಾಕು ವಸಡನ್ನು ಹಲ್ಲಿನಿಂದ ಕೆಳಕ್ಕೆ ಸರಿಸುತ್ತದೆ, ಬಾಯಿ ಕ್ಯಾನ್ಸರಿನ ಅಪಾಯ ತರುತ್ತದೆ. ಬೀಡಿ-ಸಿಗರೇಟು ಸೇದುವವರಲ್ಲಿ ಇನ್ನೊಂದು ಮೋಸವಿದೆ: ವಸಡಿನ ರಕ್ತನಾಳಗಳು ಕುಗ್ಗಿ, ಒಳಗೆ ರೋಗ ಮುಂದುವರಿದಿದ್ದರೂ ರಕ್ತ ಕಾಣುವುದಿಲ್ಲ. ಆದ್ದರಿಂದ ಸೇದುವವರು “ರಕ್ತ ಬರೂದಿಲ್ರಿ” ಎಂದರೆ ಅಲ್ಲಿಗೆ ಬಿಡಬೇಡಿ. ಬಾಯಿ ವಾಸನೆ, ಹಲ್ಲಿನ ಅಲುಗಾಟ, ಹಲ್ಲಿನ ನಡುವೆ ಹೊಸದಾಗಿ ಬಿದ್ದ ಸಂದಿ ಇವನ್ನೂ ಕೇಳಿ. ಸೇದುವುದನ್ನು ಬಿಡದವರಲ್ಲಿ ಕ್ಲೀನಿಂಗಿನ ಫಲವೂ ಕಡಿಮೆ.

ಸಕ್ಕರೆ ಕಾಯಿಲೆಯವರ ಪಟ್ಟಿ ನಿಮ್ಮ ಕೈಯಲ್ಲಿದೆ. ಮೊದಲು ಅವರ ಮನೆಗೆ ಹೋಗಿ. ಶುಗರ್ ಹೆಚ್ಚಿದ್ದರೆ ವಸಡಿನ ರೋಗ ಬಿರುಸಾಗುತ್ತದೆ, ವಸಡಿನ ಉರಿಯೂತ ಶುಗರನ್ನು ಹತೋಟಿಗೆ ಬರಗೊಡುವುದಿಲ್ಲ. ಮೂವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಪರಾಮರ್ಶಿಸಿದ 2022ರ ಕಾಕ್ರೇನ್ ವರದಿ, ವಸಡಿನ ಚಿಕಿತ್ಸೆ ಪಡೆದ ಸಕ್ಕರೆ ರೋಗಿಗಳ ಮೂರು ತಿಂಗಳ ಶುಗರ್ ಸರಾಸರಿ, ಅಂದರೆ ಎಚ್‌ಬಿಎ1ಸಿ, ಮೂರು-ನಾಲ್ಕು ತಿಂಗಳಲ್ಲಿ 0.43ರಷ್ಟು ಇಳಿದದ್ದನ್ನು ಹೇಳುತ್ತದೆ. 9 ಇದ್ದದ್ದು ಸುಮಾರು 8.6 ಆಯಿತು ಎಂದುಕೊಳ್ಳಿ. ಗುಳಿಗೆ ಬಿಡುವಷ್ಟು ಅಲ್ಲ, ಆದರೆ ಬಾಯಿ ಸ್ವಚ್ಛ ಮಾಡಿಸಿದ್ದಕ್ಕೆ ಸಿಗುವ ಲಾಭವಾಗಿ ಅದು ಚಿಕ್ಕದಲ್ಲ.

ಬಸುರಿಯರ ವಸಡು ಹಾರ್ಮೋನುಗಳ ಏರುಪೇರಿನಿಂದ ಬೇಗ ಊದುತ್ತದೆ. ವಸಡಿನ ಚಿಕಿತ್ಸೆಯಿಂದ ಅವಧಿಗೆ ಮುಂಚಿನ ಹೆರಿಗೆ ತಪ್ಪುತ್ತದೆ ಎಂಬ ಆಸೆಯಿತ್ತು. 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಹಾಗೆ ಕಂಡುಬರಲಿಲ್ಲ. ಆದರೆ ಕ್ಲೀನಿಂಗ್ ತಾಯಿಗೂ ಕೂಸಿಗೂ ಅಪಾಯವಿಲ್ಲದ್ದು ಎಂಬುದು ಅದೇ ಅಧ್ಯಯನದಿಂದ ಖಾತ್ರಿಯಾಯಿತು. ನಾಲ್ಕರಿಂದ ಆರನೆಯ ತಿಂಗಳು ಅನುಕೂಲದ ಕಾಲ. ಬಸುರಿಯಾದಾಗ ಹಲ್ಲಿನ ಕೆಲಸವೇ ಬೇಡ ಎಂಬ ಅತ್ತೆಯಂದಿರಿಗೆ ಇದನ್ನು ತಿಳಿಸಿ. ಹೃದಯದ ಕವಾಟದ ತೊಂದರೆಯುಳ್ಳವರು, ರಕ್ತ ತೆಳುವಾಗುವ ಗುಳಿಗೆ ನುಂಗುವವರು ಮಾತ್ರ ಕುರ್ಚಿ ಏರುವ ಮೊದಲೇ ಅದನ್ನು ಡಾಕ್ಟರಿಗೆ ಹೇಳಬೇಕು.

ಎಲ್ಲಿಗೆ ಕಳಿಸುವುದು ಎಂದು ಕೇಳುತ್ತೀರಿ. ಮೊದಲು ತಾಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರರ ಹತ್ತಿರ. ಹೆಚ್ಚಿನ ಕೆಲಸ ಬೇಕೆಂದರೆ ಬೆಳಗಾವಿಯ ದಂತ ಕಾಲೇಜುಗಳಿಗೆ. ಅಲ್ಲಿ ವಸಡಿನ ರೋಗಕ್ಕೇ ಬೇರೆ ವಿಭಾಗವಿದೆ, ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಬಹಳ ಕಡಿಮೆ. 1985ರಲ್ಲಿ ಆರಂಭವಾದ ಕೆಎಲ್‌ಇ ದಂತ ಕಾಲೇಜು ಹೊತ್ತಿರುವುದು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯ ವಿಶ್ವನಾಥ ಕತ್ತಿಯವರ ಹೆಸರನ್ನು. ಸಂಕೇಶ್ವರದಲ್ಲಿ ಬಸ್ಸು ಹತ್ತಿದರೆ ಹೆದ್ದಾರಿಯಲ್ಲಿ ನೆಟ್ಟಗೆ ಬೆಳಗಾವಿ. ಆದರೂ ನಮ್ಮವರು ಅಲ್ಲಿಗೆ ತಲುಪುವುದು ಹಲ್ಲು ಕೀಳಿಸುವ ದಿನ. ಬಿ.ಪಿ.ಎಲ್. ಕುಟುಂಬಗಳ ಹಿರಿಯರಿಗೆ ದಂತಭಾಗ್ಯ ಯೋಜನೆಯಲ್ಲಿ ಸರ್ಕಾರ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಿಸುತ್ತದೆ, ಒಳ್ಳೆಯ ಕೆಲಸ. ಹಲ್ಲು ಪೂರ್ತಿ ಹೋದ ಮೇಲೆ ನಡೆಯುವ ಈ ಖರ್ಚಿನ ಒಂದು ಪಾಲು ನಲವತ್ತರ ವಯಸ್ಸಿನವರ ವಸಡಿಗೆ ಹೋಗಬೇಕಿತ್ತು ಎಂದು ನನಗನಿಸುತ್ತದೆ. ಹಳ್ಳಿಗೇ ಸ್ಕೇಲರ್ ತರುವ ಶಿಬಿರಗಳು ನಡೆದರೆ, ಮೂರು ತಿಂಗಳ ನಂತರ ಅದೇ ಊರಿಗೆ ಮರಳಿ ಬರುತ್ತೀರಾ ಎಂದು ನೀವೇ ಮೊದಲು ಕೇಳಿ. ಬಾರದ ಶಿಬಿರದಿಂದ ಫೋಟೋ ಉಳಿಯುತ್ತದೆ, ಹಲ್ಲು ಉಳಿಯುವುದಿಲ್ಲ.

ಮನೆಯಲ್ಲಿ ತೋರಿಸಿಕೊಡಬೇಕಾದದ್ದು ಇಷ್ಟು. ಮೆತ್ತನೆಯ ಎಳೆಯ ಬ್ರಷ್. ಎಳೆಗಳು ಹಲ್ಲಿಗೂ ವಸಡಿಗೂ ಕೂಡಿ ತಾಗುವಂತೆ ಓರೆಯಾಗಿ ಹಿಡಿದು, ಸಣ್ಣಗೆ ಅಲುಗಿಸುತ್ತ ಎರಡು ನಿಮಿಷ. ರಾತ್ರಿ ಮಲಗುವ ಮುಂಚಿನ ಸಲವನ್ನು ಬಿಡುವಂತಿಲ್ಲ. ಸಂದಿ ಬಿದ್ದ ಹಲ್ಲುಗಳ ನಡುವೆ ಹಾಯಿಸುವ ಪುಟ್ಟ ಬ್ರಷ್ ಔಷಧದಂಗಡಿಯಲ್ಲಿ ಸಿಗುತ್ತದೆ. ವಸಡಿನ ರೋಗ ಇರುವವರಿಗೆ ದುಬಾರಿ ಪೇಸ್ಟಿಗಿಂತ ಅದು ಮೇಲು. ರಕ್ತ ಬಂದರೂ ಅಲ್ಲೇ ತಿಕ್ಕಬೇಕು, ಮೆಲ್ಲಗೆ. ಬೇವಿನ ಕಡ್ಡಿ ಬಿಡಲೊಲ್ಲದ ಹಿರಿಯರನ್ನು ಬೈಯಬೇಡಿ. ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಂಡು ಒಳಬದಿಯನ್ನೂ ತಿಕ್ಕಲು ಹೇಳಿ. ಮಿಶ್ರಿ, ಇಟ್ಟಿಗೆ ಪುಡಿ, ಒರಟು ಬೂದಿ ಬಿಡಿಸಿ.

ಕ್ಲೀನಿಂಗ್ ಮಾಡಿಸಿಕೊಂಡವರ ಹೆಸರಿನ ಮುಂದೆ ನಿಮ್ಮ ಡೈರಿಯಲ್ಲಿ ದಿನಾಂಕ ಬರೆದಿಟ್ಟುಕೊಳ್ಳಿ. ತಿಂಗಳೊಳಗೆ ಒಮ್ಮೆ ಆ ಮನೆಗೆ ಹೋದಾಗ, ರಕ್ತ ನಿಂತಿತೇ ಎಂದು ವಿಚಾರಿಸಿ. ಮುಂದಿನ ಸರದಿಯನ್ನು ತಾರೀಖಿನಿಂದ ಹೇಳಿದರೆ ಮರೆಯುತ್ತಾರೆ. ಯುಗಾದಿ, ಪಂಚಮಿ, ದಸರೆ, ಸಂಕ್ರಾಂತಿ ಎಂದು ಹಬ್ಬದಿಂದ ಹೇಳಿ, ಹೆಚ್ಚುಕಡಿಮೆ ಮೂರು ತಿಂಗಳ ಅಂತರವೇ ಬೀಳುತ್ತದೆ. ಕಬ್ಬು ಕಡಿಯುವ ಸುಗ್ಗಿಯಲ್ಲಿ ಯಾರೂ ಬರಲಾರರು, ಆ ದಿನಗಳ ಮುಂಚೆಯೇ ಕಳಿಸಿ.

ಈ ತಿಂಗಳು ಎಲ್ಲರನ್ನೂ ಕೇಳಲು ಆಗದಿದ್ದರೆ ನಿಮ್ಮ ಪಟ್ಟಿಯ ಸಕ್ಕರೆ ಕಾಯಿಲೆಯವರನ್ನು ಮಾತ್ರ ಕೇಳಿ. ವಸಡಿನಿಂದ ರಕ್ತ ಬರುತ್ತದೆ ಎಂದವರನ್ನು, ಹಲ್ಲು ಅಲುಗಾಡುವ ಮೊದಲೇ, ಕಳಿಸಿಕೊಡಿ.

ಇಂತಿ ನಿಮ್ಮ,
ನಿಡಸೋಸಿ ಕಡೆಯ ಒಬ್ಬ ದಂತವೈದ್ಯೆ